ಇಟ್ಟವನು ಲೆಕ್ಕ ಕೇಳಲಾರದಾಗ

ಸತ್ತವನ ಕೊನೆಯ ಕೋರಿಕೆಯನ್ನು ಮೀರಿದ್ದನ್ನೇ ಪುಣ್ಯಕಾರ್ಯವೆಂದು ಕೊಂಡಾಡುವ ಒಂದು ರೂಢಿ ಆಧುನಿಕ ಸಾಹಿತ್ಯದ ಚರ್ಚೆಯಲ್ಲಿ ನೆಲೆನಿಂತಿದೆ. ಪ್ರಾಗ್ ನಗರದಲ್ಲಿ ಬಾಳಿ ಜರ್ಮನ್ ಭಾಷೆಯಲ್ಲಿ ಬರೆದ ಫ್ರಾಂಟ್ಸ್ ಕಾಫ್ಕಾ ತನ್ನ ಮರಣಾನಂತರ ತನ್ನ ಅಪ್ರಕಟಿತ ಬರಹಗಳನ್ನೆಲ್ಲ ಓದದೆ ಸುಟ್ಟುಬಿಡಬೇಕೆಂದು ಗೆಳೆಯ ಮ್ಯಾಕ್ಸ್ ಬ್ರಾಡ್‌ನಿಗೆ ಬರೆದಿಟ್ಟಿದ್ದ. ಬ್ರಾಡ್ ಸುಡಲಿಲ್ಲ, ಒಂದೊಂದನ್ನಾಗಿ ಅಚ್ಚಿಗೆ ಕೊಟ್ಟ. ಇಂಗ್ಲಿಷಿನಲ್ಲಿ ‘ದಿ ಟ್ರಯಲ್’ ಎಂದು ಹೆಸರಾದ ಕಾದಂಬರಿ 1925ರಲ್ಲಿ, ‘ದಿ ಕ್ಯಾಸಲ್’ 1926ರಲ್ಲಿ, ‘ಅಮೆರಿಕ’ 1927ರಲ್ಲಿ ಹೊರಬಂದವು. ಇಪ್ಪತ್ತನೆಯ ಶತಮಾನದ ಸಾಹಿತ್ಯಕ್ಕೆ ಈ ಮೂರು ಅಪೂರ್ಣ ಕೃತಿಗಳು ಎಂತಹ ತಿರುವನ್ನು ಕೊಟ್ಟವೆಂಬುದು ಎಲ್ಲರಿಗೂ ತಿಳಿದದ್ದೇ. ಆದುದರಿಂದ ಬ್ರಾಡ್ ಮಾಡಿದ್ದು ಸರಿ, ಗೆಳೆಯನ ಮಾತು ಕೇಳದಿದ್ದುದೇ ಲೋಕೋಪಕಾರವಾಯಿತು ಎಂಬ ತೀರ್ಮಾನವನ್ನು ತರಗತಿಗಳಲ್ಲಿ, ಭಾಷಣಗಳಲ್ಲಿ ಒಂದು ಸ್ವಾರಸ್ಯದ ಕಥೆಯಂತೆ ಹೇಳಿ ಮುಗಿಸಲಾಗುತ್ತದೆ. ಫಲ ಒಳ್ಳೆಯದಾದರೆ ಮಾರ್ಗವನ್ನು ವಿಚಾರಿಸಬೇಕಿಲ್ಲ ಎಂಬುದೇ ಈ ತೀರ್ಮಾನದ ತಿರುಳು. ಬೇರೆ ಯಾವ ವ್ಯವಹಾರದಲ್ಲಿಯೂ ಒಪ್ಪದ ಈ ತರ್ಕವನ್ನು ಸಾಹಿತ್ಯದಲ್ಲಿ ಮಾತ್ರ ಒಪ್ಪುವುದೇಕೆ?

ಪ್ರಶ್ನೆಯನ್ನು ವಿಚಾರಿಸಬೇಕಾದರೆ ಸುಡಬೇಕೆಂದು ಕೇಳಿದ ಮನುಷ್ಯನನ್ನು ಮೊದಲು ಅರಿಯಬೇಕು. ಅದು ರೋಗಿಯೊಬ್ಬನ ಹುಚ್ಚು ಬಯಕೆ, ಕೀಳರಿಮೆಯ ಕ್ಷಣವೊಂದರ ಉದ್ಗಾರ ಎಂದು ತಳ್ಳಿಹಾಕುವವರೇ ಹೆಚ್ಚು. ಕಾಫ್ಕಾನ ಬಾಳು ಹಾಗೆ ಹೇಳುವುದಿಲ್ಲ. 1883ರ ಜುಲೈ 3ರಂದು ಪ್ರಾಗ್‌ನ ಯಹೂದಿ ವ್ಯಾಪಾರಿಯ ಮನೆಯಲ್ಲಿ ಹುಟ್ಟಿದ ಆತ 1906ರಲ್ಲಿ ಕಾನೂನಿನಲ್ಲಿ ಡಾಕ್ಟರೇಟ್ ಪಡೆದ. 1908ರಿಂದ 1922ರವರೆಗೆ ಬೊಹೀಮಿಯಾದ ಕಾರ್ಮಿಕರ ಅಪಘಾತ ವಿಮಾ ಸಂಸ್ಥೆಯಲ್ಲಿ ಅಧಿಕಾರಿಯಾಗಿ ದುಡಿದ. ಮರ ಕೀಸುವ ಯಂತ್ರಗಳ ಚೌಕಾಕಾರದ ದಂಡಕ್ಕೆ ಸಿಲುಕಿ ಕೂಲಿಗಳ ಬೆರಳುಗಳು ತುಂಡಾಗುತ್ತಿದ್ದವು. ಅದರ ಬದಲು ದುಂಡನೆಯ ದಂಡ ಬಳಸಿದರೆ ಕೈಗಳು ಉಳಿಯುತ್ತವೆಂದು ಚಿತ್ರಗಳ ಸಹಿತ ವಿವರಿಸಿ ಸಂಸ್ಥೆಯ 1909ರ ವಾರ್ಷಿಕ ವರದಿಗೆ ಬರೆದವನು ಈ ಕಥೆಗಾರನೇ. ಪರರ ನೋವನ್ನು ಅಂಗುಲ ಅಂಗುಲವಾಗಿ ಅಳೆದು, ಅದನ್ನು ತಗ್ಗಿಸುವ ಉಪಾಯವನ್ನು ಅಷ್ಟೇ ನಿಖರವಾಗಿ ಬರೆಯಬಲ್ಲವನು ತನ್ನ ಕಾಗದಗಳ ವಿಷಯದಲ್ಲಿ ಮಾತ್ರ ಏನು ಹೇಳುತ್ತಿರುವೆನೆಂದು ತಿಳಿಯದೆ ಹೇಳಿದನೆಂದು ನಂಬುವುದು ಕಷ್ಟ.

ಜೀವನದ ಇತರ ಸಂಗತಿಗಳಲ್ಲಿಯೂ ಆತ ಇಂತಹದೇ ಎಚ್ಚರದಿಂದ ನಡೆದ. ತಂದೆಯ ತಂದೆ ಕಸಾಯಿ ವೃತ್ತಿಯವನು. ಅಂತಹ ಮನೆಯಲ್ಲಿ ಕಾಫ್ಕಾ ಮಾಂಸವನ್ನು ತ್ಯಜಿಸಿದ. ಮಗ ಕಾಯಿಬೀಜ, ಹಣ್ಣುಗಳನ್ನು ತಿನ್ನುವುದನ್ನು ನೋಡಲಾರದೆ ತಂದೆ ರಾತ್ರಿಯ ಊಟದ ವೇಳೆ ತಿಂಗಳುಗಟ್ಟಲೆ ವೃತ್ತಪತ್ರಿಕೆಯನ್ನು ಮುಖಕ್ಕೆ ಅಡ್ಡ ಹಿಡಿಯುತ್ತಿದ್ದನೆಂದು ಕಾಫ್ಕಾ ಪತ್ರವೊಂದರಲ್ಲಿ ಬರೆದಿದ್ದಾನೆ. ಬರ್ಲಿನ್‌ನ ಮತ್ಸ್ಯಾಲಯದಲ್ಲಿ ಗಾಜಿನಾಚೆ ಈಜುತ್ತಿದ್ದ ಮೀನುಗಳ ಮುಂದೆ ನಿಂತು, ನಿಮ್ಮನ್ನು ತಿನ್ನುವುದನ್ನು ಬಿಟ್ಟಿರುವುದರಿಂದ ಈಗ ನಿಮ್ಮತ್ತ ನೆಮ್ಮದಿಯಿಂದ ನೋಡಬಲ್ಲೆ ಎಂಬರ್ಥದ ಮಾತನ್ನು ಆಡಿದನೆಂದು ಬ್ರಾಡ್ ದಾಖಲಿಸಿದ್ದಾನೆ. ಕ್ಷಯರೋಗದ ಕಾಲದಲ್ಲಿ ವೈದ್ಯರ ಒತ್ತಾಯಕ್ಕೆ ಮಣಿದು ಮಾಂಸ ತಿನ್ನಬೇಕಾಗಿ ಬಂದುದೂ ಉಂಟು. ಅದನ್ನು ಆತ ಸಂಕಟದಿಂದಲೇ ನೆನೆದ. ಇಲ್ಲಿ ಮುಖ್ಯವಾದುದು ಆಹಾರದ ನಿಯಮವಲ್ಲ, ಇನ್ನೊಂದು ಜೀವದ ಕಣ್ಣಿಗೆ ಕಣ್ಣು ಕೊಟ್ಟು ನಿಲ್ಲುವ ಯೋಗ್ಯತೆ ತನಗಿದೆಯೇ ಎಂದು ಕೇಳಿಕೊಳ್ಳುವ ಗುಣ.

ನಂಬಿಕೆಯ ವಿಷಯದಲ್ಲಿಯೂ ಆತನದು ಇದೇ ನಿಷ್ಠುರತೆ. 1919ರ ನವೆಂಬರಿನಲ್ಲಿ ತಂದೆಗೆ ಬರೆದ ದೀರ್ಘ ಪತ್ರದಲ್ಲಿ, ವರ್ಷಕ್ಕೆ ನಾಲ್ಕಾರು ದಿನ ಮಾತ್ರ ಪ್ರಾರ್ಥನಾ ಮಂದಿರಕ್ಕೆ ಹೋಗಿ ಅಲ್ಲಿಯೂ ಉದಾಸೀನದಿಂದ ಕುಳಿತು ಬರುವ ಧರ್ಮವನ್ನು ಮಗನಿಗೆ ಹಸ್ತಾಂತರಿಸಲು ಹೇಗೆ ಸಾಧ್ಯವೆಂದು ಆತ ಪ್ರಶ್ನಿಸಿದ. ಧರ್ಮವನ್ನು ಅಲ್ಲಗಳೆಯುವವನ ಪ್ರಶ್ನೆ ಇದಲ್ಲ; ತಿರುಳಿಲ್ಲದ ಆಚರಣೆಯನ್ನು ಧರ್ಮವೆಂದು ಒಪ್ಪಲಾರದವನ ಪ್ರಶ್ನೆ. 1911ರ ಕೊನೆಯಲ್ಲಿ ಪ್ರಾಗ್‌ಗೆ ಬಂದ ಬಡ ಯಿಡ್ಡಿಷ್ ನಾಟಕ ತಂಡದ ನಟರಲ್ಲಿ, ತಂದೆಯ ಮಂದಿರದಲ್ಲಿ ಕಾಣದ ಜೀವಂತಿಕೆಯನ್ನು ಆತ ಕಂಡ. ಮುಂದೆ ಹೀಬ್ರೂ ಕಲಿತ. 1917ರ ಆಗಸ್ಟ್‌ನಲ್ಲಿ ರಕ್ತ ಕಾರಿ ಕ್ಷಯವೆಂದು ತಿಳಿದ ಮೇಲೆ ತಂಗಿ ಒಟ್ಲಾಳೊಡನೆ ತ್ಸ್ಯುರಾವ್ ಎಂಬ ಹಳ್ಳಿಯಲ್ಲಿ ಕಳೆದ ತಿಂಗಳುಗಳಲ್ಲಿ ಪಾಪ, ಸಹನೆ, ಸತ್ಯಗಳ ಕುರಿತು ಪುಟ್ಟ ಪುಟ್ಟ ಚಿಂತನೆಗಳನ್ನು ಚೀಟಿಗಳ ಮೇಲೆ ಸಂಖ್ಯೆ ಹಾಕಿ ಬರೆದ. ಮನುಷ್ಯನೊಳಗೆ ನಾಶವಾಗದ ಒಂದು ತತ್ತ್ವವಿದೆ, ಅದರಲ್ಲಿ ವಿಶ್ವಾಸವಿಡದೆ ಬದುಕುವುದು ಸಾಧ್ಯವಿಲ್ಲ ಎಂಬ ವಿಚಾರ ಆ ಚೀಟಿಗಳಲ್ಲಿದೆ. ಇಂತಹವನನ್ನು ನಿರಾಶೆಯ ಪ್ರವಾದಿ ಎಂದು ಕರೆಯುವವರು ಆತನನ್ನು ಅರೆಬರೆಯಾಗಿ ಓದಿದವರು.

ಬರವಣಿಗೆಯ ಬಗ್ಗೆ ಆತನ ನಿಲುವು ಇನ್ನೂ ಕಠಿಣ. 1912ರ ಸೆಪ್ಟೆಂಬರ್ 22ರ ರಾತ್ರಿ ಹತ್ತಕ್ಕೆ ಕುಳಿತು ಬೆಳಗಿನ ಆರರವರೆಗೆ ಒಂದೇ ಓಟದಲ್ಲಿ ‘ತೀರ್ಪು’ ಎಂಬ ಕಥೆಯನ್ನು ಬರೆದು ಮುಗಿಸಿದಾಗ, ಬರೆಯುವುದೆಂದರೆ ಹೀಗೆ ಎಂಬ ಅರಿವು ತನಗಾಯಿತೆಂದು ದಿನಚರಿಯಲ್ಲಿ ಗುರುತಿಸಿಕೊಂಡ. ಬರಹವನ್ನು ಪ್ರಾರ್ಥನೆಯ ಒಂದು ರೂಪವೆಂದು ಟಿಪ್ಪಣಿಯೊಂದರಲ್ಲಿ ಕರೆದವನು ಆತನೇ. ಅದೇ ಕಾಫ್ಕಾ 1922ರ ಜುಲೈನಲ್ಲಿ ಬ್ರಾಡ್‌ನಿಗೆ ಬರೆದ ಪತ್ರದಲ್ಲಿ, ಲೇಖಕನ ಕಸುಬಿನಲ್ಲಿ ಅಡಗಿರುವ ಅಹಂಕಾರವನ್ನೂ ಸ್ವಸುಖದ ಹಂಬಲವನ್ನೂ ತನ್ನಲ್ಲಿಯೇ ಕಂಡು, ಬರಹವನ್ನು ಸೈತಾನನ ಸೇವೆಗೆ ಸಿಕ್ಕ ಕೂಲಿಯೆಂದು ಹಳಿದ. ಒಂದೇ ಕೆಲಸ ಪ್ರಾರ್ಥನೆಯೂ ಆಗಬಹುದು, ಅಹಂಕಾರದ ಭೋಗವೂ ಆಗಬಹುದು. ಯಾವುದು ಯಾವುದೆಂದು ವಿಂಗಡಿಸುವ ಹೊಣೆ ಬರೆದವನದೇ. ಪ್ರಕಟಣೆಯ ವಿಷಯದಲ್ಲಿ ಆತ ತೋರಿದ ಹಿಂಜರಿಕೆಗೆ ಕಾರಣ ಈ ವಿಂಗಡಣೆ.

ಕಾಫ್ಕಾನ ಮರಣಾನಂತರ ಆತನ ಮೇಜಿನಲ್ಲಿ ಎರಡು ಚೀಟಿಗಳು ಸಿಕ್ಕವು. ಶಾಯಿಯಲ್ಲಿ ಬರೆದ ಒಂದರಲ್ಲಿ ದಿನಚರಿ, ಹಸ್ತಪ್ರತಿ, ಪತ್ರ, ರೇಖಾಚಿತ್ರಗಳನ್ನೆಲ್ಲ ಓದದೆ ಸುಡಬೇಕೆಂಬ ಕೋರಿಕೆಯಿತ್ತು. ಸೀಸದ ಕಡ್ಡಿಯಲ್ಲಿ ಬರೆದ ಇನ್ನೊಂದರ ದಿನಾಂಕ 1922ರ ನವೆಂಬರ್ 29. ಅದರಲ್ಲಿ ಆತ ಲೆಕ್ಕ ಹಾಕಿ ಹೇಳಿದ: ಈಗಾಗಲೇ ಪುಸ್ತಕರೂಪದಲ್ಲಿ ಬಂದವುಗಳಲ್ಲಿ ಐದು, ಜೊತೆಗೆ ‘ಉಪವಾಸದ ಕಲಾವಿದ’ ಎಂಬ ಕಥೆ, ಇಷ್ಟು ಸಲ್ಲುತ್ತವೆ, ಅವೂ ಮರುಮುದ್ರಣವಾಗಬೇಕಿಲ್ಲ, ಉಳಿದುದೆಲ್ಲ ಬೆಂಕಿಗೆ. 1924ರ ಮೇ ತಿಂಗಳಿನಲ್ಲಿ, ಗಂಟಲಿಗೆ ವ್ಯಾಪಿಸಿದ ಕ್ಷಯದಿಂದ ಮಾತು ನಿಂತು ಚೀಟಿ ಬರೆದು ಸಂಭಾಷಿಸುತ್ತಿದ್ದ ದಿನಗಳಲ್ಲಿ, ವಿಯೆನ್ನಾ ಸಮೀಪದ ಕೀರ್ಲಿಂಗ್ ಆರೋಗ್ಯಧಾಮದಲ್ಲಿ ಮಲಗಿ ಆತ ಅದೇ ಕಥೆಯಿರುವ ಸಂಕಲನದ ಕರಡಚ್ಚನ್ನು ತಿದ್ದುತ್ತಿದ್ದ. ಜೂನ್ 3ರಂದು ತೀರಿಕೊಂಡ. ಬರಹವನ್ನೇ ದ್ವೇಷಿಸಿದವನು ಕರಡಚ್ಚು ತಿದ್ದುವುದಿಲ್ಲ. ಯಾವುದು ಹೊರಗೆ ಹೋಗಬೇಕು, ಯಾವುದು ಹೋಗಬಾರದು ಎಂಬ ನಿರ್ಣಯವನ್ನು ಕೊನೆಯವರೆಗೂ ತನ್ನ ಕೈಯಲ್ಲೇ ಇರಿಸಿಕೊಂಡವನು ಮಾತ್ರ ಹಾಗೆ ಮಾಡುತ್ತಾನೆ.

ಬ್ರಾಡ್‌ನ ಪಕ್ಷವನ್ನು ಮುಚ್ಚಿಡುವುದು ನ್ಯಾಯವಲ್ಲ. ಆ ಚೀಟಿಗಳನ್ನು ಆತ ಬಚ್ಚಿಡಲಿಲ್ಲ. 1924ರ ಜುಲೈನಲ್ಲಿ ತಾನೇ ಪತ್ರಿಕೆಯಲ್ಲಿ ಅಚ್ಚುಹಾಕಿಸಿದ. ಕಾಫ್ಕಾ ಬದುಕಿದ್ದಾಗಲೇ ಈ ಮಾತು ಬಂದಿತ್ತು, ಇಂತಹ ಕೆಲಸವನ್ನು ತಾನು ಮಾಡಲಾರೆನೆಂದು ಮುಖಕ್ಕೆ ಮುಖ ಹೇಳಿದ್ದೆ, ನಿಜವಾಗಿಯೂ ಸುಡಿಸಬೇಕೆಂದಿದ್ದರೆ ಆತ ಬೇರೆಯವನನ್ನು ನೇಮಿಸಬೇಕಿತ್ತು ಎಂಬುದು ಬ್ರಾಡ್‌ನ ವಾದ. ಕೊಟ್ಟ ಮಾತನ್ನು ತಪ್ಪಿದವನೆಂದು ಆತನನ್ನು ಕರೆಯಲಾಗದು, ಏಕೆಂದರೆ ಆತ ಮಾತನ್ನೇ ಕೊಟ್ಟಿರಲಿಲ್ಲ. ಆದರೆ ಈ ವಾದ ಎಲ್ಲಿಗೆ ಮುಟ್ಟುತ್ತದೆ? ಬಾಯಿಬಿಟ್ಟು ಹೇಳಿದ ‘ಸುಡು’ ಎಂಬುದರ ಹಿಂದೆ ಹೇಳದೆ ಉಳಿದ ‘ಉಳಿಸು’ ಎಂಬುದಿತ್ತು ಎಂಬಲ್ಲಿಗೆ. ಪರರ ಮೌನಕ್ಕೆ ತನಗೆ ಬೇಕಾದ ಅರ್ಥವನ್ನು ಹೊಂದಿಸಿಕೊಳ್ಳುವುದು ಎಲ್ಲ ಕಾಲಕ್ಕೂ ಸುಲಭ. ಕಾಫ್ಕಾನ ಕೊನೆಯ ದಿನಗಳ ಸಂಗಾತಿ ಡೋರಾ ಡಿಯಾಮಂಟ್ ಬರ್ಲಿನ್‌ನಲ್ಲಿ ಆತ ಕೇಳಿದಂತೆ ಆತನ ಕಣ್ಣೆದುರಿಗೇ ಕೆಲವು ಬರಹಗಳನ್ನು ಸುಟ್ಟಳು. ಆಕೆಯ ಮುಂದೆ ಆತ ಮೌನದ ಭಾಷೆಯನ್ನಾಡಲಿಲ್ಲ.

ಅವೆಲ್ಲ ಬೂದಿಯಾಗಿದ್ದರೆ ಒಳ್ಳೆಯದಾಗುತ್ತಿತ್ತೇ ಎಂದು ಕೇಳುವವರುಂಟು. ವರ್ಜಿಲ್ ಕವಿ ತನ್ನ ಮಹಾಕಾವ್ಯವನ್ನು ಸುಡಬೇಕೆಂದು ಬಯಸಿದನೆಂದೂ ಚಕ್ರವರ್ತಿ ಆಗಸ್ಟಸ್ ತಡೆದನೆಂದೂ ಬಂದಿರುವ ಐತಿಹ್ಯವನ್ನು ಅವರು ನೆನಪಿಸುತ್ತಾರೆ. ಉತ್ತರ ಸ್ಪಷ್ಟವಾಗಿರಲಿ: ಬ್ರಾಡ್‌ನ ಉಲ್ಲಂಘನೆಯನ್ನು ಕ್ಷಮಿಸಬಹುದು. ಆದರೆ ಕ್ಷಮೆ ಬೇರೆ, ಪ್ರಶಂಸೆ ಬೇರೆ. ಪ್ರಶಂಸೆಗೆ ಪಾತ್ರವಾದ ಕೆಲಸ ಅಲ್ಲಿಗೆ ಮುಗಿಯುತ್ತದೆ; ಕ್ಷಮೆಗೆ ಪಾತ್ರವಾದ ಕೆಲಸ ಒಂದು ಋಣವನ್ನು ಹೊರಿಸುತ್ತದೆ. ಲೋಕಕ್ಕಾಗಿ ಉಳಿಸಿದೆ ಎನ್ನುವವನು ಅದನ್ನು ಲೋಕಕ್ಕೇ ಕೊಡಬೇಕು. ಇದ್ದುದನ್ನು ಇದ್ದಂತೆ ಕೊಡಬೇಕು, ತನಗಾಗಿ ಏನನ್ನೂ ಇಟ್ಟುಕೊಳ್ಳಬಾರದು. ಈ ಋಣ ಸಂದಿತೇ ಎಂಬುದೇ ನಿಜವಾದ ಪ್ರಶ್ನೆ.

ಗೃಹಸ್ಥನ ಸತ್ಯಾಣುವ್ರತಕ್ಕೆ ತತ್ತ್ವಾರ್ಥಸೂತ್ರವು ಎಣಿಸಿರುವ ಐದು ಅತಿಚಾರಗಳಲ್ಲಿ ನ್ಯಾಸಾಪಹಾರವೂ ಒಂದು. ನಂಬಿ ಇಟ್ಟ ಹಣದ ಲೆಕ್ಕವನ್ನು ಇಟ್ಟವನೇ ಮರೆತು ಕಡಿಮೆ ಕೇಳಿದಾಗ, ‘ಹೌದು, ಅಷ್ಟೇ’ ಎಂದು ಒಪ್ಪಿ ಉಳಿದುದನ್ನು ದಕ್ಕಿಸಿಕೊಳ್ಳುವುದು ನ್ಯಾಸಾಪಹಾರ. ಪೂರ್ವಸೂರಿಗಳು ಇದನ್ನು ಕಳ್ಳತನದ ಸಾಲಿನಲ್ಲಿಡದೆ ಸುಳ್ಳಿನ ಸಾಲಿನಲ್ಲಿ ಇಟ್ಟಿರುವುದನ್ನು ಓದುಗರು ಗಮನಿಸಬೇಕು. ಇಲ್ಲಿ ಕೈ ಏನನ್ನೂ ಕದಿಯುವುದಿಲ್ಲ. ‘ಹೌದು, ಇದು ಹೀಗೆಯೇ’ ಎನ್ನುವ ನಾಲಗೆ ಕದಿಯುತ್ತದೆ. ಲೆಕ್ಕ ಮರೆತವನಿಗಿಂತಲೂ ಅಸಹಾಯಕನು ಲೆಕ್ಕ ಕೇಳಲು ಬರಲಾರದ ಸತ್ತವನು. ಕಾಫ್ಕಾನ ಕಾಗದಗಳ ನೂರು ವರ್ಷಗಳ ಚರಿತ್ರೆಯನ್ನು ಈ ಅಳತೆಗೋಲಿನಿಂದ ಅಳೆಯಬೇಕು.

ಬ್ರಾಡ್ ಋಣದ ದೊಡ್ಡ ಪಾಲನ್ನು ತೀರಿಸಿದ. 1939ರ ಮಾರ್ಚ್‌ನಲ್ಲಿ ನಾಜಿ ಸೈನ್ಯ ಪ್ರಾಗ್‌ ಪ್ರವೇಶಿಸುವ ಹೊತ್ತಿಗೆ ಹಸ್ತಪ್ರತಿಗಳ ಪೆಟ್ಟಿಗೆ ಹಿಡಿದು ರೈಲಿನಲ್ಲಿ ಪಾರಾಗಿ ಟೆಲ್ ಅವಿವ್ ಸೇರಿದ. ಆತ ಹೊರಡದಿದ್ದರೆ ಆ ಕಾಗದಗಳ ಗತಿ ಏನಾಗುತ್ತಿತ್ತೆಂದು ಊಹಿಸಬಹುದು. ಡೋರಾ ಸುಡದೆ ಇಟ್ಟುಕೊಂಡಿದ್ದ ಬರಹಗಳನ್ನು 1933ರಲ್ಲಿ ಗೆಸ್ಟಪೊ ಒಯ್ದಿತ್ತು. ಅವು ಮತ್ತೆ ಸಿಗಲಿಲ್ಲ. ಕಾಫ್ಕಾನ ಮೂವರು ಸೋದರಿಯರನ್ನೂ ನಾಜಿಗಳು ಬಲಿ ತೆಗೆದುಕೊಂಡರು. ಇಷ್ಟರಮಟ್ಟಿಗೆ ಬ್ರಾಡ್‌ನ ಸಾಹಸಕ್ಕೆ ತಲೆಬಾಗಲೇಬೇಕು.

ಆದರೆ ಇದ್ದುದನ್ನು ಇದ್ದಂತೆ ಕೊಡುವುದರಲ್ಲಿ ಆತ ಎಡವಿದ. ತುಣುಕುಗಳನ್ನು ತನ್ನ ಊಹೆಯಂತೆ ಜೋಡಿಸಿದ, ಅಪೂರ್ಣವಾದುದನ್ನು ಪೂರ್ಣದಂತೆ ಕಾಣಿಸಿದ, ಕಾಫ್ಕಾ ‘ಕಾಣೆಯಾದವನು’ ಎಂದು ಕರೆದಿದ್ದ ಕಾದಂಬರಿಗೆ ‘ಅಮೆರಿಕ’ ಎಂದು ಹೆಸರಿಟ್ಟ. ‘ದಿ ಕ್ಯಾಸಲ್’ನ ಕೋಟೆ ದೈವಕೃಪೆಯ ಸಂಕೇತವೆಂದು ವಿಧಿಸಿದ. 1928ರಲ್ಲಿ ಬರೆದ ಸ್ವಂತ ಕಾದಂಬರಿಯೊಂದರಲ್ಲಿ ಗೆಳೆಯನನ್ನು ಹೆಚ್ಚುಕಡಿಮೆ ಸಂತನನ್ನಾಗಿ ಚಿತ್ರಿಸಿದ. ವಿಲ್ಲಾ ಮತ್ತು ಎಡ್ವಿನ್ ಮ್ಯೂರ್ ದಂಪತಿಗಳು 1930ರಿಂದ ಮಾಡಿದ ಇಂಗ್ಲಿಷ್ ಅನುವಾದಗಳು ಬ್ರಾಡ್ ಸಿದ್ಧಪಡಿಸಿದ ಪಾಠವನ್ನೇ ಆಧರಿಸಿದವು. ಇಂಗ್ಲಿಷಿನ ಮೂಲಕ ಕಾಫ್ಕಾನನ್ನು ಓದಿದ ಕನ್ನಡದ ನವ್ಯ ಪೀಳಿಗೆಗೂ ಸಿಕ್ಕಿದ್ದು ಬ್ರಾಡ್‌ನ ಕಾಫ್ಕಾನೇ. ಹಸ್ತಪ್ರತಿಗಳನ್ನು ಕೂಲಂಕಷವಾಗಿ ಪರಿಶೀಲಿಸಿದ ವಿಮರ್ಶಾತ್ಮಕ ಆವೃತ್ತಿ ಜರ್ಮನಿಯಲ್ಲಿ ಹೊರಬರತೊಡಗಿದ್ದು 1982ರಲ್ಲಿ, ಲೇಖಕ ಸತ್ತು ಐವತ್ತೆಂಟು ವರ್ಷಗಳಾದ ಮೇಲೆ.

ಮುಂದಿನ ಕಥೆ ಇನ್ನೂ ಖೇದಕರ. ಬ್ರಾಡ್ ತನ್ನ ಬಳಿ ಉಳಿದಿದ್ದ ಹಸ್ತಪ್ರತಿಗಳನ್ನು ಕಾರ್ಯದರ್ಶಿ ಎಸ್ತರ್ ಹೋಫೆಗೆ ಒಪ್ಪಿಸಿದ. ತನ್ನ ಸಂಗ್ರಹ ಕೊನೆಗೆ ಸಾರ್ವಜನಿಕ ಗ್ರಂಥಾಲಯವೊಂದಕ್ಕೆ ಸೇರಬೇಕೆಂದು 1961ರ ಉಯಿಲಿನಲ್ಲಿ ಬರೆದ. 1968ರಲ್ಲಿ ಆತ ತೀರಿಕೊಂಡ. ಕಾಗದಗಳು ಗ್ರಂಥಾಲಯಕ್ಕೆ ಹೋಗಲಿಲ್ಲ. ಟೆಲ್ ಅವಿವ್ ಮತ್ತು ಜ್ಯೂರಿಕ್‌ನ ಬ್ಯಾಂಕುಗಳ ಲಾಕರುಗಳಲ್ಲಿ ಕುಳಿತವು. 1988ರಲ್ಲಿ ‘ದಿ ಟ್ರಯಲ್’ನ ಹಸ್ತಪ್ರತಿ ಲಂಡನ್ನಿನಲ್ಲಿ ಹರಾಜಾಗಿ ಹತ್ತು ಲಕ್ಷ ಪೌಂಡಿಗೆ ಜರ್ಮನಿಯ ಮಾರ್ಬಾಖ್ ಸಾಹಿತ್ಯ ಸಂಗ್ರಹಾಲಯದ ಪಾಲಾಯಿತು. ಬೆಂಕಿಗೆಂದು ಬರೆದಿಟ್ಟ ಕಾಗದಕ್ಕೆ ಬಂದ ಬೆಲೆ ಅದು. 2007ರಲ್ಲಿ ಹೋಫೆ ನಿಧನರಾದ ಬಳಿಕ ಇಸ್ರೇಲಿನ ರಾಷ್ಟ್ರೀಯ ಗ್ರಂಥಾಲಯಕ್ಕೂ ವಾರಸುದಾರರಿಗೂ ನ್ಯಾಯಾಲಯದಲ್ಲಿ ವರ್ಷಗಟ್ಟಲೆ ವ್ಯಾಜ್ಯ ನಡೆಯಿತು. ಕಾಫ್ಕಾ ಜರ್ಮನ್ ಸಾಹಿತ್ಯಕ್ಕೆ ಸೇರಿದವನೋ ಯಹೂದಿ ಜನಾಂಗಕ್ಕೆ ಸೇರಿದವನೋ ಎಂಬ ಚರ್ಚೆಯೂ ಎದ್ದಿತು. ತನ್ನೊಡನೆಯೇ ತನಗೆ ಸಾಮ್ಯವಿಲ್ಲದಿರುವಾಗ ಯಹೂದಿಗಳೊಡನೆ ಏನು ಸಾಮ್ಯವೆಂದು 1914ರ ದಿನಚರಿಯಲ್ಲಿ ಕೇಳಿಕೊಂಡಿದ್ದವನ ಮೇಲೆ ಒಡೆತನದ ಹಕ್ಕು ಸಾಧಿಸುವ ಉತ್ಸಾಹ! 2016ರಲ್ಲಿ ಸರ್ವೋಚ್ಚ ನ್ಯಾಯಾಲಯ ಗ್ರಂಥಾಲಯದ ಪರವಾಗಿ ತೀರ್ಪಿತ್ತಿತು; 2019ರಲ್ಲಿ ಜ್ಯೂರಿಕ್‌ನ ಲಾಕರುಗಳಲ್ಲಿದ್ದುದು ಗ್ರಂಥಾಲಯದ ಕೈಸೇರಿತು; 2021ರಲ್ಲಿ ಸಂಗ್ರಹ ಅಂತರಜಾಲದಲ್ಲಿ ಎಲ್ಲರಿಗೂ ದೊರೆಯಿತು. ಗೆಳೆಯನ ಕೋರಿಕೆಯನ್ನು ಮೀರಿದವನ ಸ್ವಂತ ಉಯಿಲು ನೆರವೇರಲು ನಲವತ್ತೆಂಟು ವರ್ಷ ನ್ಯಾಯ ಕಾಯಬೇಕಾಯಿತು. ಒಮ್ಮೆ ಸಡಿಲಗೊಂಡ ಕಟ್ಟು ಸಡಿಲಿಸಿದವನನ್ನೂ ಕಾಯುವುದಿಲ್ಲ.

ಇದಕ್ಕೆ ಪ್ರತಿಯಾಗಿ ಬೇರೊಂದು ನಿದರ್ಶನವೂ ಇದೆ. ಸೋದರಿಯರ ಬದುಕುಳಿದ ಮಕ್ಕಳ ಪಾಲಿಗೆ ಬಂದ ಹಸ್ತಪ್ರತಿಗಳು ವಿದ್ವಾಂಸ ಮಾಲ್ಕಂ ಪ್ಯಾಸ್ಲಿಯ ಪ್ರಯತ್ನದಿಂದ 1961ರಲ್ಲಿ ಆಕ್ಸ್‌ಫರ್ಡ್‌ನ ಬೋಡ್ಲಿಯನ್ ಗ್ರಂಥಾಲಯ ಸೇರಿ ಸಂಶೋಧಕರಿಗೆ ತೆರೆದವು. ಒಟ್ಲಾಳಿಗೆ ಬರೆದ ಪತ್ರಗಳು ಹರಾಜಿಗೆ ಬಂದಾಗ 2011ರಲ್ಲಿ ಬೋಡ್ಲಿಯನ್ ಮತ್ತು ಮಾರ್ಬಾಖ್ ಸ್ಪರ್ಧಿಸದೆ ಕೂಡಿ ಕೊಂಡವು. ಶಾಸ್ತ್ರದಾನವೆಂಬ ಮಾತಿನ ಅರ್ಥ ಬಲ್ಲವರಿಗೆ ಈ ಎರಡು ದಾರಿಗಳ ನಡುವಿನ ವ್ಯತ್ಯಾಸವನ್ನು ಬಿಡಿಸಿ ಹೇಳಬೇಕಿಲ್ಲ. ಗ್ರಂಥವನ್ನು ಕಾಯುವುದು ಧರ್ಮ. ಕಾಯುವ ನೆಪದಲ್ಲಿ ಮುಚ್ಚಿಡುವುದು ಪರಿಗ್ರಹ.

ಲಾಕರಿನವರನ್ನು ದೂಷಿಸಿ ಓದುಗ ಮಾತ್ರ ಪಾರಾಗುವಂತಿಲ್ಲ. ತಂದೆಯ ಕೈಗೆ ತಲುಪದೇ ಉಳಿದ ಪತ್ರ 1952ರಲ್ಲಿ ಅಚ್ಚಾಯಿತು. ಎರಡು ಬಾರಿ ನಿಶ್ಚಿತಾರ್ಥವಾಗಿ ಎರಡು ಬಾರಿಯೂ ಮುರಿದ ಫೆಲಿಸ್ ಬಾವರ್‌ಳಿಗೆ ಬರೆದ ಪತ್ರಗಳು 1967ರಲ್ಲಿ ಪುಸ್ತಕವಾಗಿ, 1987ರಲ್ಲಿ ಹರಾಜಾದವು. ಏಕಾಂತದಲ್ಲಿ ನಡೆದುದನ್ನು ಬಯಲು ಮಾಡುವ ರಹೋಭ್ಯಾಖ್ಯಾನವನ್ನೂ ಸತ್ಯವ್ರತದ ಅತಿಚಾರಗಳಲ್ಲೇ ಹೇಳಲಾಗಿದೆ. ಆ ಪತ್ರಗಳು ಪ್ರಕಟವಾಗಿವೆ; ಓದಬಾರದೆಂದು ಈಗ ಹೇಳುವುದು ವ್ಯರ್ಥ. ಆದರೆ ಅವುಗಳಲ್ಲಿ ಮನೆಯ ಜಗಳ, ಮದುವೆಯ ಭಯಗಳನ್ನು ಹೆಕ್ಕಿ ಲೇಖಕನ ರೋಗನಿದಾನ ಮಾಡುವುದೂ, ಕಚೇರಿಯಲ್ಲಿ ಕಡತ ತಡವಾದುದಕ್ಕೆಲ್ಲ ಆತನ ಹೆಸರಿನ ವಿಶೇಷಣ ಅಂಟಿಸುವುದೂ, ಸ್ವಂತ ಜಡತೆಗೆ ಆತನ ಹತಾಶೆಯನ್ನು ಪ್ರಮಾಣಪತ್ರದಂತೆ ತೋರಿಸುವುದೂ ಒಡೆತನದ ಇನ್ನೊಂದು ರೂಪವಷ್ಟೆ. ಕೂಲಿಯ ಬೆರಳು ಉಳಿಸಲು ಯಂತ್ರದ ದಂಡವನ್ನು ಅಳೆದವನು, ಮೀನಿನ ಮುಂದೆ ಲಜ್ಜೆಪಟ್ಟವನು, ತನ್ನ ವಾಕ್ಯವೇ ತನ್ನನ್ನು ವಂಚಿಸುತ್ತಿದೆಯೇ ಎಂದು ಶಂಕಿಸಿದವನು ಅವರ ಕೈಗೆ ಸಿಗುವುದಿಲ್ಲ.

ಸುಡಬೇಕೆಂದು ಹೇಳಿದವನ ಬರಹವನ್ನು ಕೈಗೆತ್ತಿಕೊಳ್ಳುವವನು ತಾನು ಅನುಮತಿಯಿಲ್ಲದ ಮನೆಯೊಳಗೆ ಕಾಲಿಡುತ್ತಿರುವೆನೆಂಬುದನ್ನು ಮರೆಯಬಾರದು. ಮರೆಯದವನು ಮೆಲ್ಲನೆ ನಡೆಯುತ್ತಾನೆ, ಅಲ್ಲಿರುವುದನ್ನು ಎತ್ತಿಟ್ಟುಕೊಳ್ಳುವುದಿಲ್ಲ, ಕಂಡುದಕ್ಕೆ ತನ್ನ ಬಣ್ಣ ಬಳಿಯುವುದಿಲ್ಲ. ಇನ್ನು ಬರೆಯುವವರಿಗೂ ಇಲ್ಲೊಂದು ಪಾಠವಿದೆ. ವಿಂಗಡಿಸುವ ಕೆಲಸವನ್ನು ಗೆಳೆಯರ ಪಾಲಿಗೆ ಬಿಟ್ಟು ಹೋಗಬಾರದು. ಸುಡಬೇಕಾದುದನ್ನು ಬದುಕಿರುವಾಗಲೇ ಸುಡಬೇಕು. ಕಾಫ್ಕಾನ ಎಲ್ಲ ಕಠೋರ ಆತ್ಮಪರೀಕ್ಷೆಯ ನಡುವೆ ಆತ ಮಾಡದೆ ಉಳಿದ ಒಂದೇ ಕೆಲಸ ಅದು, ಆ ಒಂದು ಕೆಲಸವನ್ನು ತನ್ನನ್ನು ಅತಿಯಾಗಿ ಪ್ರೀತಿಸಿದವನ ಮೇಲೆ ಹೊರಿಸಿದ್ದೇ ಆತನ ತಪ್ಪು. ಆದರೆ ಇಟ್ಟವನ ತಪ್ಪು ಇಟ್ಟುಕೊಂಡವರ ಹಕ್ಕಾಗಲಾರದು. ಲೆಕ್ಕ ಕೇಳುವವನು ಇಲ್ಲದಿದ್ದಾಗಲೂ ಲೆಕ್ಕ ಒಪ್ಪಿಸುವುದೇ ಪ್ರಾಮಾಣಿಕತೆ. ಕೇಳಿದಾಗ ಒಪ್ಪಿಸುವುದು ಬರಿಯ ವ್ಯವಹಾರ.